ಯುರೋಪಿನ ದೇಶಗಳು ಪೈಪೋಟಿ ನಡೆಸುವ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಪೋರ್ಚುಗಲ್ ಯಾವತ್ತಾದರೂ ಗೆದ್ದಿದೆಯಾ?

ಗೆದ್ದಿದೆ, ಒಂದೇ ಸಲ. ಅದಕ್ಕೆ 53 ವರ್ಷ ಬೇಕಾಯಿತು!

1964ರಲ್ಲಿ ಮೊದಲ ಸಲ ಹಾಡಿದಾಗ ಸಿಕ್ಕಿದ್ದು ಸೊನ್ನೆ. ಆಮೇಲೆ 1996ರ ಆರನೇ ಸ್ಥಾನವೇ ದೊಡ್ಡ ಸಾಧನೆ. ಕೊನೆಗೆ 2017ರಲ್ಲಿ ಕೀವ್‌ನಲ್ಲಿ ಸಾಲ್ವಡೋರ್ ಸೊಬ್ರಾಲ್ ಗೆದ್ದರು. ಬೆಂಕಿ, ಹೊಗೆ, ಡ್ಯಾನ್ಸರ್‌ಗಳು ಏನೂ ಇಲ್ಲ. ಅಕ್ಕ ಲೂಯಿಸಾ ಬರೆದ ಹಾಡನ್ನು ಪೋರ್ಚುಗೀಸಿನಲ್ಲೇ ಸುಮ್ನೆ ನಿಂತು ಹಾಡಿದರು. 758 ಅಂಕ ಬಂತು. ಮರುವರ್ಷ ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಲ್ಲೇ ಸ್ಪರ್ಧೆ, ಫೈನಲ್‌ನಲ್ಲಿ ಆತಿಥೇಯರಿಗೇ ಕೊನೆಯ ಸ್ಥಾನ!

ನನಗೆ ಗೆಲುವಿಗಿಂತ ಜಾಸ್ತಿ ಇಷ್ಟ 1974ರ ಸೋಲು. ಪಾವ್ಲೊ ಡಿ ಕಾರ್ವಾಲ್ಹೊ ಹಾಡಿಗೆ ಬಂದದ್ದು ಬರೀ 3 ಅಂಕ. ಆದರೆ ಅದೇ ತಿಂಗಳು, ಏಪ್ರಿಲ್ 24ರ ರಾತ್ರಿ ಹನ್ನೊಂದಕ್ಕೆ ಐದು ನಿಮಿಷ ಇರುವಾಗ, ಆ ಹಾಡು ರೇಡಿಯೋದಲ್ಲಿ ಬಂತು. ಬಂಡೆದ್ದ ಸೈನಿಕರಿಗೆ ಅದೇ ಮೊದಲ ಸನ್ನೆ. ಮರುದಿನ ಪೋರ್ಚುಗಲ್‌ನ ಸರ್ವಾಧಿಕಾರ ಬಿದ್ದುಹೋಯಿತು.