ಧರಣಿ ಸರಿ, ಓಟು ಕೇಳಿದರೆ?

ಪ್ರಶ್ನೆ: ಕೊಡಗಿನ ನಮ್ಮ ಸಿದ್ದಾಪುರದ ಕಡೆ ಕಾಡಾನೆ ಹಾವಳಿ ವಿರುದ್ಧ ಹೋರಾಡುವ ಒಂದು ಟ್ರಸ್ಟ್ ಇದೆ. ದೇಣಿಗೆಗೆ ತೆರಿಗೆ ಕಡಿತ ಸಿಗುವ 80ಜಿ ರಸೀದಿ ಕೊಡುತ್ತಾರೆ, ನಾನೂ ದುಡ್ಡು ಕೊಟ್ಟಿದ್ದೇನೆ. ಕಳೆದ ಚುನಾವಣೆಯಲ್ಲಿ ಅದೇ ಟ್ರಸ್ಟಿನ ಜೀಪಿಗೆ ಬ್ಯಾನರ್ ಕಟ್ಟಿಕೊಂಡು ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಹೋಗಿ ಒಬ್ಬ ಅಭ್ಯರ್ಥಿಗೆ ಓಟು ಕೇಳಿದರು. ಇಂಥವರಿಗೂ ತೆರಿಗೆ ವಿನಾಯಿತಿ ಬೇಕಾ?

ಉತ್ತರ: ಹೋರಾಟಕ್ಕೆ ಇರಲಿ, ಓಟು ಕೇಳೋದಕ್ಕೆ ಬೇಡ. ಆನೆ ತೋಟಕ್ಕೆ ನುಗ್ಗಿ ಗಿಡ ಮುರಿದಾಗ ಪರಿಹಾರ ಕೊಡಿ ಅಂತ ಮಡಿಕೇರಿಯಲ್ಲಿ ಧರಣಿ ಕೂತರೆ, ಅರಣ್ಯ ಇಲಾಖೆಯವರನ್ನು ತರಾಟೆಗೆ ತೆಗೆದುಕೊಂಡರೆ, ಅಷ್ಟಕ್ಕೇ ಅದು ಪಕ್ಷ ರಾಜಕೀಯ ಆಗೋದಿಲ್ಲ. ವಿದೇಶಿ ದೇಣಿಗೆ ಕಾನೂನಿನ ಕೇಸಲ್ಲಿ ಸುಪ್ರೀಂ ಕೋರ್ಟ್ ಕೂಡ 2020ರಲ್ಲಿ ಹೆಚ್ಚು ಕಡಿಮೆ ಇದನ್ನೇ ಹೇಳಿತು: ರಾಜಕೀಯ ಗುರಿ ಇಲ್ಲದೆ ಜನರ ಹಕ್ಕಿಗಾಗಿ ಬಂದ್, ರಸ್ತೆ ತಡೆಗೆ ಕೈಜೋಡಿಸಿದ ಮಾತ್ರಕ್ಕೆ ಸಂಸ್ಥೆಗೆ ರಾಜಕೀಯದ ಹಣೆಪಟ್ಟಿ ಹಚ್ಚುವಂತಿಲ್ಲ.

ಕಾಫಿ ವಿಷಯವನ್ನೇ ನೋಡಿ. ಹಣ್ಣು ಒಣಗಿಸಿ ಚೆರಿಯಾಗಿ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ತೆರಿಗೆ ಇಲ್ಲ. ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡೋದು) ಮಾಡಿ ಮಾರಿದರೆ ಆದಾಯದ ಶೇ. 25 ಭಾಗ ಮಾತ್ರ ತೆರಿಗೆ ಲೆಕ್ಕಕ್ಕೆ, ಹುರಿದು ಪುಡಿ ಮಾಡಿದರೆ ಶೇ. 40 ಭಾಗ. ತೋಟ ಅದೇ, ಮಾಲೀಕ ಅವನೇ. ಟ್ರಸ್ಟಿಗೂ ಹಾಗೇ, ಏನು ಮಾಡುತ್ತಿದ್ದಾರೆ ಅಂತ ನೋಡಬೇಕು, ಯಾರು ಅಂತ ಅಲ್ಲ.

ನೀವು 10,000 ಕೊಟ್ಟರೆ ಸಾಮಾನ್ಯವಾಗಿ 5,000 ನಿಮ್ಮ ಆದಾಯದಿಂದ ಕಳೆಯುತ್ತಾರೆ (ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ). ಅದರ ತೆರಿಗೆ ಖಜಾನೆಗೆ ಬರಲಿಲ್ಲ. ಎದುರು ಅಭ್ಯರ್ಥಿಗೆ ಓಟು ಹಾಕಿದ ನಿಮ್ಮ ಪಕ್ಕದ ತೋಟದವರ ಪಾಲೂ ಅದರಲ್ಲಿದೆ ಅಲ್ವಾ? ಅವರ ಖರ್ಚಲ್ಲಿ ಇವರ ಪ್ರಚಾರ ಯಾಕೆ?

ಪಕ್ಷಗಳಿಗೇ ವಿನಾಯಿತಿ ಇದೆಯಲ್ಲ ಅಂತೀರಾ? ಇದೆ, ಜಾಸ್ತಿಯೇ ಇದೆ. ಅನಾಥಾಶ್ರಮಕ್ಕೆ ಕೊಟ್ಟರೆ ಅರ್ಧ ಕಡಿತ, ಪಕ್ಷಕ್ಕೆ ಚೆಕ್ಕಲ್ಲಿ ಕೊಟ್ಟರೆ ಪೂರ್ತಿ! ಕಾನೂನು ಮಾಡಿದವರು ಯಾರು ಅಂತ ಬೇರೆ ಹೇಳಬೇಕಾ. ಆದರೂ 20,000 ದಾಟಿದ ದೇಣಿಗೆಯ ವಿವರವನ್ನು ಪಕ್ಷ ಚುನಾವಣಾ ಆಯೋಗಕ್ಕೆ ಕೊಡಬೇಕು. ಟ್ರಸ್ಟಿನ ಜೀಪಲ್ಲಿ ಪ್ರಚಾರ ನಡೆದರೆ ಆ ದುಡ್ಡು ಕೊಟ್ಟವರು ಯಾರು ಅಂತ ಮತದಾರನಿಗೆ ಗೊತ್ತೇ ಆಗೋದಿಲ್ಲ.

ಟ್ರಸ್ಟಿಗಳು ಅವರವರ ಸ್ವಂತ ಹೆಸರಲ್ಲಿ ಯಾರಿಗೆ ಬೇಕಾದರೂ ಓಟು ಕೇಳಲಿ, ಅದು ಅವರ ಹಕ್ಕು. ಮುಂದಿನ ಸಭೆಯಲ್ಲಿ ಸುಮ್ನೆ ಒಂದು ಮಾತು ಕೇಳಿ: ಜೀಪಿನ ಡೀಸೆಲ್ ದುಡ್ಡು ಯಾವ ಖಾತೆಯಿಂದ ಹೋಯಿತು? ಲೆಕ್ಕ ತೋರಿಸದಿದ್ದರೆ ಈ ವರ್ಷ ಚೆಕ್ ಬರೆಯಬೇಡಿ.