ಕಾಯ್ದೆ ಬಂದದ್ದು ಯಾರ ಸಲುವಾಗಿ?

ಜಮಖಂಡಿಯ ನಿವೃತ್ತ ಮಾಸ್ತರರೊಬ್ಬರು ಕೇಳಿದ್ದಾರೆ: ‘ಕಾಯ್ದೆ ಮಾಡುವವರು ನಾವು ಆರಿಸಿದವರು. ನ್ಯಾಯಾಧೀಶರು ಅಕ್ಷರ ಬಿಟ್ಟು ಉದ್ದೇಶ, ಸಂವಿಧಾನದ ಮೌಲ್ಯ ಅಂತ ಹೊರಟರೆ ನಮ್ಮ ಮತಕ್ಕೇನು ಬೆಲೆ?’

ಮಾಸ್ತರರೇ, ತಮ್ಮ ಅಂಜಿಕೆ ಹುಸಿಯೇನಲ್ಲ. ಮನಸ್ಸಿಗೆ ಬಂದಂತೆ ಕಾಯ್ದೆ ತಿದ್ದುವ ಅಧಿಕಾರ ಕೋರ್ಟಿಗಿಲ್ಲ, ಒಪ್ಪಿದೆ. ಆದರೆ ಈ ಪ್ರಶ್ನೆಯನ್ನು ತಾವು ಬೀಳಗಿ ಕಡೆಯ ಹಿನ್ನೀರಿನ ಊರುಗಳಲ್ಲಿ ಒಮ್ಮೆ ಕೇಳಬೇಕಿತ್ತು. ಆಲಮಟ್ಟಿಗೆ ಹೊಲ ಕಳಕೊಂಡವರಲ್ಲಿ ತಕರಾರು ಬರೆಯದೇ ಹೆಬ್ಬೆಟ್ಟು ಒತ್ತಿ ಪರಿಹಾರ ತಗೊಂಡವರಿದ್ದಾರೆ. ಬದುವಿನಾಚೆಯವನು ವಕೀಲರನ್ನು ಹಿಡಿದು ಹೆಚ್ಚಿನ ದರ ಪಡೆದ. ಅದೇ ಅಧಿಸೂಚನೆ, ಅದೇ ಎರಿಮಣ್ಣು. ಇಂಥವರಿಗೆಂದೇ 1894ರ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ 28-ಎ ಕಲಂ ಸೇರಿತು. ನೆರೆಯವನಿಗೆ ಕೋರ್ಟು ದರ ಏರಿಸಿದ ಮೂರು ತಿಂಗಳೊಳಗೆ ಅರ್ಜಿ ಕೊಟ್ಟರೆ ಇವರ ಪರಿಹಾರವನ್ನೂ ಮತ್ತೆ ನಿಗದಿ ಮಾಡಬೇಕೆಂದು ಆ ಕಲಂ ಹೇಳಿತು.

ಒಂದೇ ಅಧಿಸೂಚನೆಯ ಹೊಲಗಳಿಗೆ ಬೇರೆ ಬೇರೆ ಹೊತ್ತಿಗೆ ತೀರ್ಪು ಬಂದರೆ ಯಾವ ತೀರ್ಪಿನಿಂದ ಮೂರು ತಿಂಗಳು? ಮೊಟ್ಟಮೊದಲನೆಯದರಿಂದ ಮಾತ್ರ ಎಂದಿತು ಸುಪ್ರೀಂ ಕೋರ್ಟಿನ ಒಂದು ಪೀಠ. ಆ ಮೊದಲ ತೀರ್ಪು ಬಂದ ಸುದ್ದಿ ಹಳ್ಳಿ ಮುಟ್ಟುವುದರೊಳಗೆ ಗಡುವು ತೀರಿರುತ್ತದೆ! 1995ರ ಪ್ರದೀಪ್ ಕುಮಾರಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಅದನ್ನು ಒಪ್ಪಲಿಲ್ಲ. ಬಡವರ, ಬಾಯಿಲ್ಲದವರ ಅನುಕೂಲಕ್ಕೆ ಬಂದ ಕಲಮಿದು, ರೈತ ಯಾವ ತೀರ್ಪನ್ನು ಆಧಾರವಾಗಿಟ್ಟು ಕೇಳುತ್ತಾನೋ ಅಲ್ಲಿಂದ ಎಣಿಸಿರಿ ಎಂದರು. ತಾವು ಮತ ಕೊಟ್ಟು ಕಳಿಸಿದ ಸಂಸತ್ತಿನ ಮಾತನ್ನು ಅವರು ಉಳಿಸಿಕೊಟ್ಟರು ಅಂತೀನಿ ನಾನು.

ಬರೀ ಅಕ್ಷರಕ್ಕೆ ಜೋತುಬಿದ್ದರೆ ಏನಾಗುತ್ತದೆಂದು 1976ರಲ್ಲಿ ದೇಶ ಕಂಡಿದೆ. ತುರ್ತುಪರಿಸ್ಥಿತಿಯಲ್ಲಿ ಜೈಲು ಸೇರಿದವರು ಬಂಧನ ಅಕ್ರಮವೆಂದು ಕೋರ್ಟಿಗೆ ಬರುವಂತಿಲ್ಲ ಎಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಮುಖ್ಯ ನ್ಯಾಯಮೂರ್ತಿ ಪದವಿ ಅವರನ್ನು ದಾಟಿ ಕಿರಿಯರಿಗೆ ಹೋಯಿತು. 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಅರ್ಜಿಯಲ್ಲಿ, ಖನ್ನಾ ಹೇಳಿದ್ದೇ ಸರಿಯೆಂದು ಸುಪ್ರೀಂ ಕೋರ್ಟೇ ಒಪ್ಪಿಕೊಂಡಿತು. ನಲವತ್ತೊಂದು ವರ್ಷ!

ತಮ್ಮಂಥ ಓದಿಕೊಂಡವರು ಇಷ್ಟು ಕಾಳಜಿಯಿಂದ ಬರೆದದ್ದು ಸಂತೋಷ. ಆ ಸಿಟ್ಟನ್ನು ಸ್ವಲ್ಪ ಬೇರೆ ಕಡೆಗೂ ತಿರುಗಿಸಿರಿ. ಧಾರವಾಡ ಪೀಠದಲ್ಲಿ ತನ್ನದೇ ಹೊಲದ ವಾದ ನಡೆದಾಗ ಹಿಂದೆ ನಿಂತ ರೈತನಿಗೆ ಒಂದಕ್ಷರ ತಿಳಿಯುವುದಿಲ್ಲ. ತೀರ್ಪು ಇಂಗ್ಲಿಷಿನಲ್ಲಿ. ವಕೀಲರು ‘ಆತು ಬಿಡ್ರಿ’ ಅಂದರೆ ಆಯಿತು, ‘ಹೋತು’ ಅಂದರೆ ಹೋಯಿತು. ಪತ್ರಿಕೆಗಳವರಾದ ನಾವೂ ಗೆದ್ದವರ್ಯಾರು, ಸೋತವರ್ಯಾರು ಎಂದಷ್ಟೇ ಅಚ್ಚು ಹಾಕುತ್ತೇವೆ, ಕಾರಣ ಬರೆಯುವುದಿಲ್ಲ. ಹೈಕೋರ್ಟಿನ ಕಲಾಪದಲ್ಲಿ ರಾಜ್ಯದ ಭಾಷೆ ಬಳಸಲು ಸಂವಿಧಾನದ 348ನೇ ವಿಧಿ ಅವಕಾಶ ಇಟ್ಟಿದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಲ್ಲಿ ಹಿಂದಿಗೆ ಆ ಅನುಮತಿ ಸಿಕ್ಕಿದೆ. ಕನ್ನಡಕ್ಕೆ ಯಾಕಿಲ್ಲವೆಂದು ತಮ್ಮ ಶಾಸಕರನ್ನು ಕೇಳಿರಿ. ಅವರೇನೆಂದರು ಎಂಬುದನ್ನೂ ಬರೆದು ಕಳಿಸಿರಿ, ಅಚ್ಚು ಹಾಕುತ್ತೇನೆ.

— ಸಂಪಾದಕ