ಬಾದಾಮಿ, ಐಹೊಳೆ, ಪಟ್ಟದಕಲ್ಲು: ಗುಂಪು ಪ್ರವಾಸದಲ್ಲಿ ಯಾವುದನ್ನು ಮೊದಲು ನೋಡಬೇಕು?

ಐಹೊಳೆಯಿಂದ ಶುರು ಮಾಡಿ, ಮಧ್ಯಾಹ್ನ ಪಟ್ಟದಕಲ್ಲು ನೋಡಿ, ಮರುದಿನ ಬೆಳಿಗ್ಗೆ ಬಾದಾಮಿ ಗುಹೆಗಳನ್ನು ಹತ್ತಿ. ದಯವಿಟ್ಟು ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಐಹೊಳೆಯಲ್ಲಿ ಗುಡಿಗಳ ಆಕಾರ ಬಗೆಬಗೆಯಾಗಿದೆ. ದುರ್ಗ ಗುಡಿಯ ಹಿಂಬದಿ ಅರ್ಧಚಂದ್ರದ ಹಾಗಿದೆ, ಲಾಡಖಾನ್ ಗುಡಿ ಮಂಟಪದಂತಿದೆ. ಇವನ್ನು ಕಂಡ ಕಣ್ಣಿಗೆ ಪಟ್ಟದಕಲ್ಲು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ಉತ್ತರ ಭಾರತದ ಬಾಗಿದ ಶಿಖರ, ದಕ್ಷಿಣದ ಮೆಟ್ಟಿಲು ಮೆಟ್ಟಿಲಾದ ಶಿಖರ ಒಂದೇ ಅಂಗಳದಲ್ಲಿ ನಿಂತಿವೆ. ವಿರೂಪಾಕ್ಷ ಗುಡಿಗೆ ಜಾಸ್ತಿ ಸಮಯ ಇಡಿ. ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಒಳಗಿನ ಕಂಬಗಳಲ್ಲಿ ರಾಮಾಯಣ, ಮಹಾಭಾರತದ ದೃಶ್ಯಗಳಿವೆ. ಬೆಳಕು ಕಡಿಮೆ, ಗೈಡ್ ಒಂದೊಂದೇ ಕಂಬದ ಮುಂದೆ ನಿಂತು ಕಥೆ ಹೇಳಬೇಕು. ಹಾಗಾಗಿ ದೊಡ್ಡ ಗುಂಪಾದರೆ ಎರಡು ಭಾಗ ಮಾಡಿ, ಇಬ್ಬರು ಗೈಡ್ ಇಟ್ಟುಕೊಳ್ಳಿ. ಹಿಂದೆ ನಿಂತವರಿಗೆ ಏನೂ ಕಾಣದಿದ್ದರೆ ಅಷ್ಟು ದೂರ ಬಂದು ಏನು ಲಾಭ, ಅಲ್ವಾ?

ಬಾದಾಮಿಯಲ್ಲಿ ಮೂರನೇ ಗುಹೆ ತಪ್ಪಿಸಬೇಡಿ. ಚಾಲುಕ್ಯ ದೊರೆ ಒಂದನೇ ಕೀರ್ತಿವರ್ಮನ ತಮ್ಮ ಮಂಗಳೇಶ ಕೆತ್ತಿಸಿದ ಕ್ರಿ.ಶ. 578ರ ಶಾಸನ ಅಲ್ಲಿದೆ. ಬಿಸಿಲೇರಿದರೆ ಮೆಟ್ಟಿಲು ಹತ್ತುವುದು ಹಿರಿಯರಿಗೆ ಕಷ್ಟ. ಕೋತಿಗಳ ಕಾಟವೂ ಇದೆ, ತಿಂಡಿ ಚೀಲ ಬಸ್ಸಿನಲ್ಲೇ ಬಿಡಿ.